ಕಂಡಕ್ಟರ್ ಮೋನಪ್ಪಣ್ಣ ಬ್ರೇಕ್ ಬಿಚ್ಚಿದರೆ

ನಿಮಗೆ ಯಾವತ್ತಾದರೂ ಹೀಗೆ ಆಗಿದೆಯಾ, ನಿಜ ಹೇಳಿ. ನಿಮ್ಮದೇ ಕಾರಿನ ಡ್ರೈವರ್ ಸೀಟಿನಲ್ಲಿ ನೀವು ಕೂತಿದ್ದೀರಿ. ಎದುರಿನ ಒಂದು ಚಕ್ರವನ್ನು ಕಳಚಿ ಅಂಗಳದಲ್ಲಿ ಮಲಗಿಸಿದ್ದಾರೆ. ಚಕ್ರ ಇರಬೇಕಾದ ಜಾಗದಲ್ಲಿ ಲುಂಗಿ ಎತ್ತಿ ಕಟ್ಟಿದ ಒಬ್ಬರು ಕುಕ್ಕರುಗಾಲಲ್ಲಿ ಕೂತಿದ್ದಾರೆ, ಬಾಯಲ್ಲಿ ವಿಸಿಲ್. ಪೀಂ ಅಂತ ಒಂದು ಸಲ ಊದಿದರೆ ನೀವು ಬ್ರೇಕ್ ಒತ್ತಿ ಹಿಡಿಯಬೇಕು. ಪೀಂ ಪೀಂ ಅಂತ ಎರಡು ಸಲ ಊದಿದರೆ ಕಾಲು ಬಿಡಬೇಕು. ನೀವು ಒತ್ತುತ್ತೀರಿ, ಬಿಡುತ್ತೀರಿ. ಅಷ್ಟರಲ್ಲಿ ಗೇಟಿನಾಚೆ ಹೋಗುತ್ತಿದ್ದ ಹೆಂಗಸೊಬ್ಬರು ಬಸ್ಸು ಬಂತೆಂದು ಚೀಲ ಎತ್ತಿಕೊಂಡು ಓಡುತ್ತಾರೆ.

ನನಗೆ ಆಗಿದೆ. ಒಂದು ಸಲವಲ್ಲ, ಲೆಕ್ಕವಿಲ್ಲದಷ್ಟು ಸಲ. ವಿಸಿಲ್ ಕಚ್ಚಿಕೊಂಡವರು ನಮ್ಮ ಪಕ್ಕದ ಮನೆಯ ಮೋನಪ್ಪಣ್ಣ. ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ದಾರಿಯಲ್ಲಿ ವಗ್ಗದ ಹತ್ತಿರ ನಮ್ಮಿಬ್ಬರ ಮನೆ, ನಡುವೆ ಒಂದು ಕೆಂಪು ಮುರಕಲ್ಲಿನ ಗೋಡೆ. ಮೂಡುಬಿದಿರೆ, ಬಂಟ್ವಾಳ, ಬೆಳ್ತಂಗಡಿ ಎಂದು ಓಡುವ ಪ್ರೈವೇಟ್ ಬಸ್ಸಿನಲ್ಲಿ ಇಡೀ ಪ್ರಾಯ ಕಂಡಕ್ಟರ್ ಆಗಿದ್ದವರು. ಬಸ್ಸು ಬಿಟ್ಟ ಮೇಲೆ ಹಳೆಯ ಬಿಳಿ ಕಾರೊಂದನ್ನು ತೆಗೆದುಕೊಂಡರು. ಆ ಕಾರಿನಲ್ಲಿ ಅವರ ಹೆಂಡತಿ ಗಿರಿಜಕ್ಕ ಕೂತದ್ದನ್ನು ನಾನು ವರ್ಷಗಟ್ಟಲೆ ನೋಡಲಿಲ್ಲ.

ಮೋನಪ್ಪಣ್ಣನ ಬ್ರೇಕಿನ ಹುಚ್ಚಿಗೆಲ್ಲ ಅದೇ ಕಾರಣ. ಗಿರಿಜಕ್ಕನನ್ನು ಹೇಗಾದರೂ ಆ ಕಾರಿನ ಎದುರಿನ ಸೀಟಿನಲ್ಲಿ ಕೂರಿಸಬೇಕು. ಬೇರೆ ಆಸೆ ಅವರಿಗೆ ಇರಲಿಲ್ಲ. ದೊಡ್ಡ ಮನೆ ಬೇಡ, ಟೂರ್ ಬೇಡ. ಮಡಂತ್ಯಾರಿನ ಹತ್ತಿರ ಗಿರಿಜಕ್ಕನ ತವರುಮನೆ ಇದೆ. ಅಲ್ಲಿಗೆ ಹೆಂಡತಿಯನ್ನು ತಮ್ಮ ಕಾರಿನಲ್ಲಿ ಕರೆದುಕೊಂಡು ಹೋಗಿ ಅಂಗಳದಲ್ಲಿ ಇಳಿಸಬೇಕು. ಅಷ್ಟೇ.

ಗಿರಿಜಕ್ಕ ಕೇಳಿದರೆ ತಾನೆ. ತವರಿಗೆ ಹೋಗುವ ದಿನ ಅವರು ಸೀರೆ ಉಟ್ಟು ರಸ್ತೆಗೆ ನಡೆದು ಬಸ್ಸಿಗೆ ಕಾಯುತ್ತಿದ್ದರು. ಬಸ್ಸು ಬಂದರೆ ಹತ್ತುತ್ತಿದ್ದರು. ಬಸ್ಸಿನ ಹಿಂದೆ ಮೋನಪ್ಪಣ್ಣ ಖಾಲಿ ಕಾರು ಬಿಟ್ಟುಕೊಂಡು ಹೋಗುತ್ತಿದ್ದರು. ಬಸ್ಸು ನಿಂತಲ್ಲಿ ಕಾರೂ ನಿಲ್ಲುತ್ತಿತ್ತು. ನಾನೇ ನೋಡಿದ್ದೇನೆ. ಒಮ್ಮೆ ಪೂಂಜಾಲಕಟ್ಟೆಯಲ್ಲಿ ನಾನು ಎದುರಿನಿಂದ ಬರುತ್ತಿದ್ದೆ. ಬಸ್ಸಿನ ಕಿಟಕಿಯಲ್ಲಿ ಗಿರಿಜಕ್ಕ, ಹಿಂದಿನ ಕಾರಿನಲ್ಲಿ ಒಂಟಿಯಾಗಿ ಮೋನಪ್ಪಣ್ಣ, ಮುಖ ಮಾತ್ರ ಮಂತ್ರಿಯ ಬೆಂಗಾವಲಿನವರ ಹಾಗೆ ಗಂಭೀರ. ನಾನು ಕಾರು ಬದಿಗೆ ನಿಲ್ಲಿಸಿ ಹೊಟ್ಟೆ ಹಿಡಿದುಕೊಂಡು ನಕ್ಕೆ.

ಗಿರಿಜಕ್ಕನ ಹತ್ತಿರ ನೇರವಾಗಿ ಕೇಳಿದ್ದೆ. ನನಗೆ ಸುತ್ತಿ ಬಳಸಿ ಕೇಳಿ ಅಭ್ಯಾಸವಿಲ್ಲ.

“ಅಲ್ಲ ಗಿರಿಜಕ್ಕ, ಮನೆಯಲ್ಲೇ ಕಾರು ಉಂಟಲ್ಲ, ಮತ್ತೆ ಬಸ್ಸಿನಲ್ಲಿ ಎಂತಕ್ಕೆ ಹೋಗುದು?”

“ಬಸ್ಸಿನ ಡ್ರೈವರ್ ಹಾರುದಿಲ್ಲ” ಅಂದರು. ಅಷ್ಟೇ ಹೇಳಿ ಒಳಗೆ ಹೋದರು.

ಈ ಹಾರುವ ಕಥೆ ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು, ನನಗೆ ಮಾತ್ರ ತಡವಾಗಿ ಗೊತ್ತಾಯಿತು. ಅವರ ಮದುವೆಯಾದ ಹೊಸತು. ಗಿರಿಜಕ್ಕ ತವರಿಗೆ ಹೊರಟದ್ದು ಗಂಡನದೇ ಬಸ್ಸಿನಲ್ಲಿ. ಎದುರಿನ ಲೇಡೀಸ್ ಸೀಟಿನಲ್ಲಿ ಕೂತಿದ್ದರು. ಹಿಂದಿನ ಬಾಗಿಲಲ್ಲಿ ಮೋನಪ್ಪಣ್ಣ, ಸ್ಟೇರಿಂಗಿನಲ್ಲಿ ಅವರ ಜೋಡಿ ಸಂಜೀವಣ್ಣ. ಒಂದು ಇಳಿಜಾರಿನಲ್ಲಿ ಬ್ರೇಕ್ ಹೋಯಿತು. ಸಂಜೀವಣ್ಣ ಗೇರ್ ಇಳಿಸಿ ಇಳಿಸಿ, ಕೊನೆಗೆ ಬಸ್ಸನ್ನು ರಸ್ತೆಗಾಗಿ ಗುಡ್ಡ ಕಡಿದ ಬದಿಯ ಮುರಕಲ್ಲಿನ ದರೆಗೆ ಒರಸಿ ನಿಲ್ಲಿಸಿದರು. ಯಾರ ಜೀವಕ್ಕೂ ಏನೂ ಆಗಲಿಲ್ಲ. ಗಿರಿಜಕ್ಕನ ಗಲ್ಲ ಎದುರಿನ ಕಂಬಿಗೆ ಹೊಡೆದು ಹೊಲಿಗೆ ಹಾಕಬೇಕಾಯಿತು. ಆ ಗುರುತು ಈಗಲೂ ಇದೆ.

ಬಸ್ಸು ನಿಂತು ಧೂಳು ಇಳಿದ ಮೇಲೆ ಗಿರಿಜಕ್ಕ ತಿರುಗಿ ನೋಡಿದರೆ ಹಿಂದಿನ ಬಾಗಿಲಲ್ಲಿ ಗಂಡ ಇಲ್ಲ. ಸ್ವಲ್ಪ ಹೊತ್ತಿನಲ್ಲಿ ಏರಿನ ಮೇಲಿನಿಂದ ಮೋನಪ್ಪಣ್ಣ ಓಡಿ ಬಂದರು, ಎರಡು ಕೈಯಲ್ಲೂ ಎದೆಗೆ ಅಪ್ಪಿಕೊಂಡ ಒಂದು ದೊಡ್ಡ ಕಲ್ಲು. ನಿಂತೇ ಹೋಗಿದ್ದ ಬಸ್ಸಿನ ಚಕ್ರಕ್ಕೆ ಆ ಕಲ್ಲನ್ನು ಅಡ್ಡ ಇಟ್ಟರು.

“ನೀವು ಎಲ್ಲಿಗೆ ಹೋಗಿದ್ದಿರಿ?” ಎಂದು ರಕ್ತ ಸುರಿಯುವ ಗಲ್ಲ ಒತ್ತಿಕೊಂಡು ಗಿರಿಜಕ್ಕ ಕೇಳಿದ್ದರಂತೆ.

“ಕಲ್ಲು ಇಡ್ಲಿಕ್ಕೆ ಹಾರಿದ್ದು” ಅಂದಿದ್ದರಂತೆ ಮೋನಪ್ಪಣ್ಣ.

ಗಿರಿಜಕ್ಕ ನಂಬಲಿಲ್ಲ. ಮೋನಪ್ಪಣ್ಣ ಮಾತು ಬದಲಿಸಲಿಲ್ಲ. ಮಕ್ಕಳಾದರು, ಮನೆ ಕಟ್ಟಿದರು, ಮಗಳ ಮದುವೆ ಮಾಡಿದರು, ಒಂದೇ ಬಟ್ಟಲಿನಿಂದ ಎಲೆ ಅಡಿಕೆ ಹಾಕಿದರು. ಆ ಒಂದು ಜಗಳ ಮಾತ್ರ ಹಾಗೇ ಉಳಿಯಿತು. ಗಂಡನ ಕೈಯಲ್ಲಿರುವ ಯಾವ ಗಾಡಿಗೂ ಕಾಲಿಡುವುದಿಲ್ಲ ಎಂದು ಗಿರಿಜಕ್ಕ ಹಟ ಹಿಡಿದರು. ಸಾಕ್ಷಿ ಹೇಳಬಹುದಾಗಿದ್ದವರು ಸಂಜೀವಣ್ಣ ಒಬ್ಬರೇ. ಅವರನ್ನು ಯಾವಾಗ ಕೇಳಿದರೂ “ನಾನು ಎದುರು ನೋಡ್ತಾ ಇದ್ದೆ ಮಾರಾಯ್ತಿ, ಡ್ರೈವರಿಗೆ ಹಿಂದೆ ಕಣ್ಣುಂಟಾ?” ಎಂದು ಜಾರಿಕೊಳ್ಳುತ್ತಿದ್ದರು.

ಮೋನಪ್ಪಣ್ಣ ಎಣಿಸಿಕೊಂಡದ್ದು ಏನೆಂದರೆ, ಇವಳಿಗೆ ಬ್ರೇಕಿನ ಹೆದರಿಕೆ, ಬ್ರೇಕ್ ಸರಿ ಉಂಟು ಎಂದು ತೋರಿಸಿಕೊಟ್ಟರೆ ಕೂರುತ್ತಾಳೆ. ಹಾಗೆ ಶುರುವಾದದ್ದು ಮನೆಯಂಗಳದ ಬ್ರೇಕ್ ಸರ್ವೀಸು. ಎಲ್ಲರೂ ಗ್ಯಾರೇಜಿಗೆ ಬಿಡುವ ಕೆಲಸವನ್ನು ಇವರು ಮನೆಯಲ್ಲೇ ಮಾಡಿದ್ದು ಹೆಂಡತಿ ನೋಡಲಿ ಎಂದು.

ಶುರುವಿನಲ್ಲಿ ಅವರಿಗೇನೂ ಬರುತ್ತಿರಲಿಲ್ಲ, ನಾನು ಸುಮ್ಮನೆ ಹೊಗಳುವವಳಲ್ಲ. ಮೊದಲ ಸಲ, ಚಕ್ರದ ತಟ್ಟೆಯನ್ನು ಎರಡೂ ಬದಿಯಿಂದ ಅಮುಕಿ ಹಿಡಿಯುವ ಕ್ಯಾಲಿಪರ್ ಬಿಚ್ಚಿ, ಅದು ಆಚೀಚೆ ಜಾರುವ ಪಿನ್ನುಗಳನ್ನು ಒರಸಿ, ಮೇಲಿಂದ ಧಾರಾಳವಾಗಿ ತೆಂಗಿನೆಣ್ಣೆ ಹಚ್ಚಿದರು. ನಮ್ಮ ಕಡೆ ಕಿರುಗುಟ್ಟುವ ಬಾಗಿಲಿಗೂ ತೆಂಗಿನೆಣ್ಣೆ, ಹೊಲಿಗೆ ಮೆಷಿನಿಗೂ ತೆಂಗಿನೆಣ್ಣೆ, ತಲೆಗೂ ತೆಂಗಿನೆಣ್ಣೆ. ಬ್ರೇಕಿಗೆ ಬೇರೆ ಯಾಕೆ? ಕೆಲವು ವಾರಗಳಲ್ಲಿ ಪಿನ್ನಿನ ರಬ್ಬರ್ ಟೊಪ್ಪಿಗಳು ನೀರಿನಲ್ಲಿ ನೆನೆದ ಕಡಲೆಯ ಹಾಗೆ ಉಬ್ಬಿದವು. ಪಿನ್ ಹಿಡಿದುಕೊಂಡಿತು, ಬ್ರೇಕ್ ಬಿಡಲೇ ಇಲ್ಲ. ಕಾರು ಎಳೆದು ಎಳೆದು ಓಡಿ, ಚಕ್ರ ಕೈ ಇಡಲಾಗದಷ್ಟು ಬಿಸಿಯಾಗಿ, ಸುಟ್ಟ ವಾಸನೆ ನಮ್ಮ ಮನೆಯವರೆಗೆ ಬಂತು.

ಗಿರಿಜಕ್ಕ ಜಗಲಿಯಿಂದ ಮೂಗು ಮುಚ್ಚಿಕೊಂಡು ನೋಡಿದರು. “ಕಾರಿಗೆ ಎಣ್ಣೆಸ್ನಾನ ಮಾಡ್ಸಿದ್ರಾ? ಸೀಗೆಪುಡಿ ಕೊಡ್ಲಾ?”

ಬೇರೆಯವರಾಗಿದ್ದರೆ ಅಲ್ಲಿಗೇ ಬಿಡುತ್ತಿದ್ದರು. ಮೋನಪ್ಪಣ್ಣ ಮರುದಿನವೇ ಮೂಡುಬಿದಿರೆಗೆ ಹೋಗಿ ಹೊಸ ರಬ್ಬರು ತಂದರು, ಬ್ರೇಕಿಗೆಂದೇ ಸಿಗುವ ಸಿಲಿಕಾನ್ ಗ್ರೀಸ್ ತಂದರು, ಹಳೆಯ ಪರಿಚಯದ ಮೆಕ್ಯಾನಿಕ್ ಒಬ್ಬರ ಹತ್ತಿರ ಅರ್ಧ ದಿನ ನಿಂತು ನೋಡಿ ಬಂದರು. ಬಂದವರು ನನ್ನನ್ನು ಗೋಡೆಯಾಚೆಯಿಂದ ಕರೆದರು. “ಶಶೀ, ಬಾ ಮಾರಾಯ್ತಿ. ನಿನ್ನ ಗಾಡಿಯದ್ದೂ ಎದುರಿನ ಎಡದ ಚಕ್ರ ಕೂಗ್ತದೆ. ಒಟ್ಟಿಗೆ ಬಿಚ್ಚುವ.”

ನನ್ನ ಕೆಲಸ ಮದುಮಗಳಿಗೆ ಸಿಂಗಾರ ಮಾಡುವುದು. ಬೆಳುವಾಯಿಯಲ್ಲಿ ಒಂದು ಮದುವೆ, ಕಲ್ಲಡ್ಕದಲ್ಲಿ ಒಂದು, ಬೆಳ್ತಂಗಡಿಯಲ್ಲಿ ಒಂದು ಎಂದು ಮೇಕಪ್ ಪೆಟ್ಟಿಗೆ ಹಾಕಿಕೊಂಡು ಓಡುವವಳು. ಕಾರು ನಿಂತರೆ ಮದುಮಗಳು ಬರೀ ಮುಖದಲ್ಲಿ ಮಂಟಪಕ್ಕೆ ಬರಬೇಕು. ಹಾಗಾಗಿ ಕಲಿಯುವ ಎಂದು ಹೋದೆ. ಅಲ್ಲಿಂದ ಅವರ ವಿಸಿಲಿಗೆ ಬ್ರೇಕ್ ಒತ್ತುವ ಕೆಲಸ ನನಗೆ ಪರ್ಮನೆಂಟ್ ಆಯಿತು.

ಮೋನಪ್ಪಣ್ಣನ ಕೈಯಲ್ಲಿ ಇಡೀ ಬ್ರೇಕು ಒಂದು ಬಸ್ಸಾಗಿತ್ತು, ಒಳಗಿನ ಒಂದೊಂದು ಸಾಮಾನೂ ಪ್ಯಾಸೆಂಜರು. ಚಕ್ರದ ನಟ್ಟುಗಳನ್ನು ಗಾಡಿ ನೆಲದಲ್ಲಿರುವಾಗಲೇ ಸ್ವಲ್ಪ ಸಡಿಲ ಮಾಡುತ್ತಿದ್ದರು, ಹಿಂದಿನ ಚಕ್ರಕ್ಕೆ ಎರಡೂ ಬದಿ ಕಲ್ಲು ಇಡುತ್ತಿದ್ದರು, ಆಮೇಲೆ ಜಾಕ್. ಜಾಕನ್ನು ಮಾತ್ರ ನಂಬುತ್ತಿರಲಿಲ್ಲ, ಅಡಿಗೆ ಹಲಸಿನ ಮರದ ದಪ್ಪ ಕೊರಡು ಕೊಡುತ್ತಿದ್ದರು. “ಜಾಕ್ ಅಂದ್ರೆ ಸೀಸನ್ ಟಿಕೆಟಿನವ. ಯಾವಾಗ ಇಳಿದು ಹೋಗ್ತಾನೆ ಅಂತ ಹೇಳ್ಲಿಕ್ಕೆ ಆಗುದಿಲ್ಲ” ಅನ್ನುತ್ತಿದ್ದರು.

ಎರಡು ಬೋಲ್ಟು ಬಿಚ್ಚಿದರೆ ಕ್ಯಾಲಿಪರ್ ಕೈಗೆ ಬರುತ್ತದೆ. ಅದನ್ನು ಬ್ರೇಕಿನ ಪೈಪಿನಲ್ಲಿ ನೇತಾಡಲು ಬಿಟ್ಟರೆ ಪೈಪು ಹಾಳು. ಅವರು ಬಟ್ಟೆ ಒಣಗಿಸುವ ತಂತಿಯ ತುಂಡಿನಿಂದ ಮೇಲಕ್ಕೆ ಕಟ್ಟುತ್ತಿದ್ದರು. “ಫುಟ್‌ಬೋರ್ಡಿನಲ್ಲಿ ನೇತಾಡ್ಲಿಕ್ಕೆ ಬಿಡ್ಬಾರ್ದು, ಮೇಲೆ ಹತ್ತಿಸಿಕೊಳ್ಬೇಕು.” ತಟ್ಟೆಗೆ ಉಜ್ಜಿ ಚಕ್ರ ನಿಲ್ಲಿಸುವ ಪ್ಯಾಡು ಹೊಸತಾದರೆ ದಪ್ಪ ಇರುತ್ತದೆ, ಅದು ಕೂರಬೇಕಾದರೆ ಅದನ್ನು ಒತ್ತುವ ಪಿಸ್ಟನ್ನನ್ನು ಒಳಗೆ ದೂಡಬೇಕು. ಬಡಗಿಗಳ ಕ್ಲಾಂಪ್ ಹಾಕಿ ಮೆಲ್ಲ ಮೆಲ್ಲ ತಿರುಗಿಸುತ್ತಾ, ತಮ್ಮ ಹಳೆಯ ಸ್ವರದಲ್ಲಿ ಪಿಸ್ಟನ್ನಿಗೆ ಹೇಳುತ್ತಿದ್ದರು: “ಒಳಗೆ ಹೋಗಿ, ಒಳಗೆ ಹೋಗಿ, ಹಿಂದೆ ಖಾಲಿ ಉಂಟು. ಬಾಗಿಲಲ್ಲಿ ಎಂತ ನಿಲ್ಲುದು?” ಪಿಸ್ಟನ್ ಗಟ್ಟಿಯಾಗಿದ್ದರೆ ಸ್ವರ ಸ್ವಲ್ಪ ಏರುತ್ತಿತ್ತು. “ಓ ಅಣ್ಣೇರೇ, ನಿಮಗೇ ಹೇಳುದು!”

ಇನ್ನು ಬ್ರೇಕ್ ಎಣ್ಣೆಯ ಪೈಪಿನಲ್ಲಿ ಗಾಳಿ ಸೇರಿದರೆ ಅದು ಟಿಕೆಟ್ ಇಲ್ಲದವರ ಗುಂಪು. ನಾನು ಒಂದು ವಿಸಿಲಿಗೆ ಒತ್ತಿ ಹಿಡಿಯುತ್ತಿದ್ದೆ. ಅವರು ಕ್ಯಾಲಿಪರಿನಲ್ಲಿ ಗಾಳಿ ಬಿಡಲೆಂದೇ ಇರುವ ಸಣ್ಣ ತಿರುಪು, ನಿಪ್ಪಲ್, ಸಡಿಲಿಸುತ್ತಿದ್ದರು. ಸಿಕ್ಕಿಸಿದ ಸಣ್ಣ ಟ್ಯೂಬಿನಲ್ಲಿ ಎಣ್ಣೆಯ ಜೊತೆ ಗುಳ್ಳೆಗಳು ಬಾಟಲಿಗೆ ಇಳಿಯುತ್ತಿದ್ದವು. “ಇಳೀರಿ, ಇಳೀರಿ, ಎಲ್ಲಾ ಇಳೀರಿ.” ನಿಪ್ಪಲ್ ಬಿಗಿ ಮಾಡಿ ಎರಡು ವಿಸಿಲ್, ನಾನು ಬಿಡುತ್ತಿದ್ದೆ. ನಿಪ್ಪಲ್ ಬಿಗಿ ಮಾಡುವ ಮೊದಲು ನಾನೊಮ್ಮೆ ಅವಸರದಲ್ಲಿ ಕಾಲು ತೆಗೆದೆ. “ಎರಡು ವಿಸಿಲ್ ಆಗದೆ ಬಸ್ಸು ಬಿಡ್ಲಿಕ್ಕುಂಟಾ? ಇಳಿದವರೆಲ್ಲ ವಾಪಸ್ ಹತ್ತಿದ್ರು ನೋಡು” ಎಂದು ಬೈದರು. ಗಾಳಿ ಒಳಗೆ ಎಳೆದಿತ್ತು. ಮತ್ತೆ ಮೊದಲಿನಿಂದ.

ಎಲ್ಲ ಮುಗಿದ ಮೇಲೆ ಪೆಡಲನ್ನು ನಾಲ್ಕಾರು ಸಲ ಒತ್ತಿ ಗಟ್ಟಿಯಾಗುವವರೆಗೆ ಗಾಡಿ ಅಲ್ಲಾಡಿಸಲು ಬಿಡುತ್ತಿರಲಿಲ್ಲ. ಪಿಸ್ಟನ್ ಒಳಗೆ ಹೋಗಿರುವುದರಿಂದ ಮೊದಲ ಒತ್ತಿಗೆ ಕಾಲು ಸೀದಾ ಅಡಿಗೆ ಹೋಗುತ್ತದೆ, ಬ್ರೇಕ್ ಇರುವುದಿಲ್ಲ. ಮನೆಯಲ್ಲಿ ಮಾಡುವವರು ಇದೊಂದು ಮರೆಯಬೇಡಿ ಮಾರಾಯ್ರೆ, ನಾನೂ ಹೇಳುತ್ತಿದ್ದೇನೆ.

ಇಷ್ಟೆಲ್ಲ ನಡೆಯುವಾಗ ನಡುನಡುವೆ ಹೆಂಡತಿಯನ್ನು ಕರೆಯುವುದಿತ್ತು. ಗೋಣಿಯ ಮೇಲೆ ಸಾಮಾನುಗಳನ್ನು ಸಾಲಾಗಿ ಇಟ್ಟು, “ಗಿರಿಜಾ, ಬಾ ಇಲ್ಲಿ. ಪ್ಯಾಡು ನೋಡು, ಎಷ್ಟು ದಪ್ಪ ಉಂಟು. ಪಿನ್ ನೋಡು, ಬೆಣ್ಣೆಯ ಹಾಗೆ ಜಾರ್ತದೆ” ಅನ್ನುತ್ತಿದ್ದರು.

ಗಿರಿಜಕ್ಕ ಸೆರಗಿಗೆ ಕೈ ಒರಸಿಕೊಂಡು ಬಂದು ನೋಡುತ್ತಿದ್ದರು. “ಹಾಗಾ” ಅನ್ನುತ್ತಿದ್ದರು. ಒಳಗೆ ಹೋಗುತ್ತಿದ್ದರು. ಮೋನಪ್ಪಣ್ಣ ನನ್ನ ಕಡೆ ನೋಡಿ, “ಈ ಸಲ ಸ್ವಲ್ಪ ಹೆಚ್ಚು ಹೊತ್ತು ನಿಂತಳು, ಅಲ್ವಾ?” ಎಂದು ಕೇಳುತ್ತಿದ್ದರು. ನಾನು ಹೌದು ಅನ್ನುತ್ತಿದ್ದೆ. ಅಷ್ಟು ಸುಳ್ಳು ಹೇಳಲು ನನಗೇನೂ ಕಷ್ಟವಿರಲಿಲ್ಲ.

ಪ್ಯಾಡು ಸವೆಯುವ ಮೊದಲೇ ಬದಲಿಸುವುದು, ಚೆನ್ನಾಗಿರುವ ಬ್ರೇಕನ್ನೇ ಮತ್ತೆ ಬಿಚ್ಚುವುದು. ಜಿಲ್ಲೆಯಲ್ಲೇ ಅಷ್ಟು ಒಳ್ಳೆಯ ಬ್ರೇಕಿನ ಹಳೇ ಕಾರು ಇನ್ನೊಂದು ಇರಲಿಕ್ಕಿಲ್ಲ. ಅದರ ಎದುರಿನ ಎಡ ಸೀಟು ಮಾತ್ರ ಹೊಸದಾಗಿಯೇ ಉಳಿದಿತ್ತು.

ಹಾಗಿರುವಾಗ ಒಂದು ಬೇಸಗೆಯ ಬೆಳಿಗ್ಗೆ ಸಂಜೀವಣ್ಣ ಮೂಡುಬಿದಿರೆಯಿಂದ ಬಂದರು. ಅವತ್ತೂ ಬ್ರೇಕ್ ಸರ್ವೀಸು. ಅಂಗಳದ ಒಂದು ಬದಿಯಲ್ಲಿ ಕಾರು. ಅದಕ್ಕೆ ನೇರ ಎದುರು, ಗೇಟಿನ ಕಡೆಗೆ, ಗಿರಿಜಕ್ಕ ಚಾಪೆ ಹಾಸಿ ಹಲಸಿನ ಹಪ್ಪಳ ಒಣಗಿಸುತ್ತಿದ್ದರು. ನಾನು ಕೂರಲು ಹೋದರೆ ಸಂಜೀವಣ್ಣ ಬಿಡಲಿಲ್ಲ.

“ನೀನು ಇಳಿ. ಇವನ ವಿಸಿಲಿಗೆ ಬ್ರೇಕ್ ಹೊಡೆದವ ನಾನು. ಇವತ್ತು ನನ್ನ ಟ್ರಿಪ್ಪು.”

ಮೋನಪ್ಪಣ್ಣನ ಮುಖ ಅರಳಿತು. “ಟೈಮಿಗೆ ಬಿಡ್ಬೇಕು ಆಯ್ತಾ, ಹಿಂದಿನ ಬಸ್ಸಿನವ ಜಗಳಕ್ಕೆ ಬರ್ತಾನೆ.”

ಇಬ್ಬರೂ ಹುಡುಗರ ಹಾಗಾದರು. ಒಂದು ವಿಸಿಲ್, ಒತ್ತು. ಎರಡು ವಿಸಿಲ್, ಬಿಡು. ಕೆಲಸ ಚಕಚಕ ನಡೆಯಿತು. ನನ್ನ ಜೊತೆ ಮಾಡಿದ್ದಕ್ಕಿಂತ ಬೇಗ ಮುಗಿಯಿತು ಎಂದು ಒಪ್ಪಿಕೊಳ್ಳುತ್ತೇನೆ. ಚಕ್ರ ಹಾಕಿ ಆಯಿತು, ಕೊರಡು ತೆಗೆದು ಆಯಿತು, ಜಾಕ್ ಇಳಿಸಿ ಆಯಿತು, ಹಿಂದಿನ ಕಲ್ಲುಗಳನ್ನು ಬದಿಗೆ ಎಸೆದೂ ಆಯಿತು. ಕೊನೆಯದಾಗಿ ಎಂಜಿನ್ ಸ್ಟಾರ್ಟ್ ಮಾಡಿ, ಬ್ರೇಕ್ ಜೋರಾಗಿ ಒತ್ತಿ ಹಿಡಿಸಿ, ಎಲ್ಲಾದರೂ ಎಣ್ಣೆ ಸೋರುತ್ತದಾ ಎಂದು ನೋಡುವುದು ಮೋನಪ್ಪಣ್ಣನ ಪದ್ಧತಿ. ಎದುರಿನ ಚಕ್ರದ ಬುಡದಲ್ಲಿ ಬಗ್ಗಿ ಒಂದು ವಿಸಿಲ್ ಊದಿದರು. ಸಂಜೀವಣ್ಣ ಒತ್ತಿದರು. ಮೋನಪ್ಪಣ್ಣ ಬೆರಳು ಹಾಕಿ ನೋಡಿದರು, ಎಲ್ಲ ಒಣಗಿದ ಹಾಗೇ ಇತ್ತು. ಖುಷಿಯಲ್ಲಿ ಎರಡು ವಿಸಿಲ್ ಊದಿದರು. ಊದಿದ್ದು ಮಾತ್ರವಲ್ಲ, ಬಾಯಿಯಿಂದ ತಾನಾಗಿಯೇ ಹೊರಬಿತ್ತು: “ರೈಟ್, ಪೋಯಿ!”

ಬಸ್ಸು ಹೊರಡಲಿ ಎಂದು ನಮ್ಮ ಕಡೆಯ ಕಂಡಕ್ಟರುಗಳು ದಿನಕ್ಕೆ ನೂರು ಸಲ ಕೂಗುವ ಮಾತು. ಸಂಜೀವಣ್ಣನ ತಲೆ ಅದನ್ನು ಕೇಳಿತೋ ಇಲ್ಲವೋ, ಕೈಕಾಲು ಕೇಳಿತು. ಹ್ಯಾಂಡ್‌ಬ್ರೇಕ್ ಇಳಿಯಿತು, ಕ್ಲಚ್ ಕೆಳಗೆ ಹೋಯಿತು, ಗೇರ್ ಬಿತ್ತು, ಕಾರು ಹೊರಟೇ ಬಿಟ್ಟಿತು.

“ಅಯ್ಯಯ್ಯೋ!” ಎಂದು ನಾನು ಕೂಗಿದೆ. ಮೋನಪ್ಪಣ್ಣ ಕೂತಲ್ಲಿಂದ ಹಾರಿದರು. ಆ ಪ್ರಾಯದಲ್ಲಿ ಅಷ್ಟು ದೂರ ಹಾರಬಹುದೆಂದು ನಾನು ಎಣಿಸಿರಲಿಲ್ಲ. ಹಿಂದೆ ತೆಂಗಿನ ಸಿಪ್ಪೆಯ ರಾಶಿಗೆ ಹೋಗಿ ಬಿದ್ದರು. ಕಾರು ಸೀದಾ ಹಪ್ಪಳದ ಕಡೆಗೆ. ಕಾಗೆ ಓಡಿಸುವ ಕೋಲು ಹಿಡಿದುಕೊಂಡು ಚಾಪೆಯ ಎದುರು ನಿಂತಿದ್ದ ಗಿರಿಜಕ್ಕ ಓಡಲೂ ಇಲ್ಲ, ಕೂಗಲೂ ಇಲ್ಲ, ಕೋಲನ್ನು ಅಡ್ಡ ಹಿಡಿದುಕೊಂಡು ನಿಂತೇ ಇದ್ದರು. ಸಂಜೀವಣ್ಣ ಆಗ ಎಚ್ಚೆತ್ತು ಬ್ರೇಕ್ ತುಳಿದರು.

ಕಾರು ನಿಂತಿತು. ಒಂದಿಷ್ಟೂ ಜಾರದೆ, ಯಾವ ಬದಿಗೂ ಎಳೆಯದೆ, ಮೂಗು ನೆಲಕ್ಕೆ ಬಗ್ಗಿಸಿ ಗೂಟ ಹೊಡೆದ ಹಾಗೆ ನಿಂತಿತು. ಬಂಪರಿಗೂ ಗಿರಿಜಕ್ಕನ ಕೋಲಿಗೂ ನಡುವೆ ಒಂದು ಗೇಣು.

ಆಗ ಸಿಪ್ಪೆಯ ರಾಶಿಯಿಂದ ಎದ್ದ ಮೋನಪ್ಪಣ್ಣ, ಮೈತುಂಬ ನಾರು ಅಂಟಿಸಿಕೊಂಡು, ಬದಿಗೆ ಎಸೆದಿದ್ದ ಕಲ್ಲನ್ನು ಎದೆಗೆ ಅಪ್ಪಿ ಹಿಡಿದು ಓಡಿ ಬಂದರು. ನಿಂತಿದ್ದ ಕಾರಿನ ಚಕ್ರಕ್ಕೆ ಅದನ್ನು ಅಡ್ಡ ಇಟ್ಟರು.

ಗಿರಿಜಕ್ಕ ಕೋಲು ಕೆಳಗಿಟ್ಟರು. ಮುಂದಿನದೆಲ್ಲ ಅವರ ಮನೆಮಾತು ತುಳುವಿನಲ್ಲಿ ನಡೆದದ್ದು, ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ.

“ಕಂಡೆ” ಅಂದರು ಗಿರಿಜಕ್ಕ. “ಈ ಎರಡು ಕಣ್ಣಿನಲ್ಲಿ ಕಂಡೆ. ಮೊದಲು ಹಾರಿದ್ದು. ಕಲ್ಲು ಮತ್ತೆ.”

“ಇದು ಬೇರೆ, ಅದು ಬೇರೆ” ಅಂದರು ಮೋನಪ್ಪಣ್ಣ.

“ಅದು ಹೇಗೆ?”

ಮೋನಪ್ಪಣ್ಣ ಕಲ್ಲಿನ ಮೇಲಿನ ಕೈ ತೆಗೆಯಲಿಲ್ಲ, ತಲೆಯೂ ಎತ್ತಲಿಲ್ಲ. ಸಂಜೀವಣ್ಣ ಕಾರಿನೊಳಗೇ ಕೂತು, ಅವತ್ತಿನ ಹಾಗೆಯೇ, ಎದುರು ನೋಡುತ್ತಿದ್ದರು.

“ಅದೂ ಹೀಗೇ” ಅಂದರು ಮೋನಪ್ಪಣ್ಣ ಕೊನೆಗೆ. “ಕಲ್ಲಿನದ್ದೆಲ್ಲ ಆಗ ನೆನಪಿರ್ಲಿಲ್ಲ. ಬ್ರೇಕ್ ಇಲ್ಲ ಅಂತ ಇವ ಕೂಗಿದ, ಕಾಲು ಹಾರಿತು. ರಸ್ತೆಯಲ್ಲಿ ಬಿದ್ದ ಮೇಲೆ ನೀನು ಒಳಗೆ ಇದ್ದಿ ಅಂತ ನೆನಪಾಯ್ತು. ಮತ್ತೆ ಕಲ್ಲು ಹಿಡ್ಕೊಂಡು ಓಡಿದ್ದು.”

“ಯಾವಾಗ ನೆನಪಾಯ್ತು?”

“ಬಿದ್ದ ಕೂಡ್ಲೆ. ಕಲ್ಲು ಸಿಕ್ಕುವ ಮೊದಲೇ.”

ಗಿರಿಜಕ್ಕ ಗಂಡನ ಹತ್ತಿರ ಬಂದು ಬಗ್ಗಿದರು. ಅಂಗಿಗೆ ಅಂಟಿದ್ದ ತೆಂಗಿನ ನಾರನ್ನು ಒಂದೊಂದೇ ತೆಗೆದರು.

“ಇದನ್ನು ಅವತ್ತೇ ಹೇಳ್ಲಿಕ್ಕೆ ಎಂತ ಆಗಿತ್ತು ನಿಮಗೆ? ಬಾಗಿಲಿನ ಹತ್ರ ನಾನು ಇದ್ದಿದ್ರೆ ನಾನೂ ಹಾರ್ತಿದ್ದೆ. ಅದಕ್ಕೊಂದು ಕಲ್ಲಿನ ಕಥೆ! ಇಷ್ಟು ವರ್ಷ ಒಂದು ಸುಳ್ಳಿನವನ ಒಟ್ಟಿಗೆ ಹೇಗೆ ಕೂರುದು ಗಾಡಿಯಲ್ಲಿ?”

“ಹಾಗಾದ್ರೆ ಬ್ರೇಕ್?” ಅಂದರು ಮೋನಪ್ಪಣ್ಣ, ಗಾಬರಿಯಿಂದ. “ನಾನು ಬ್ರೇಕ್ ಅಂತ…”

“ಬ್ರೇಕಿಗೆ ಎಂತ ಆಗಿದೆ? ಶುರುವಿನಿಂದ ಸರಿ ಉಂಟಲ್ಲ. ಎಣ್ಣೆ ಕುಡಿಸಿದ್ದು ಒಂದು ಬಿಟ್ರೆ.”

ನಾನು ನಗಬಾರದೆಂದು ತುಟಿ ಕಚ್ಚಿಕೊಂಡೆ. ಕಾರಿನೊಳಗಿಂದ ಸಂಜೀವಣ್ಣ ಮೊದಲು ನಕ್ಕರು. ಆಮೇಲೆ ಯಾರ ನಗುವೂ ನಿಲ್ಲಲಿಲ್ಲ.

ಗಿರಿಜಕ್ಕ ಒಳಗೆ ಹೋದರು. ಚಾ ಮಾಡುತ್ತಾರೆಂದು ನಾವು ಎಣಿಸಿದ್ದು. ಹೊರಗೆ ಬಂದದ್ದು ಸೀರೆ ಬದಲಾಯಿಸಿ, ತಲೆ ಬಾಚಿ, ಕೈಯಲ್ಲೊಂದು ಬ್ಯಾಗ್. “ಸಂಜೀವಣ್ಣ, ನೀವು ಇಳೀರಿ. ಶಶೀ, ಕಾಗೆ ಬಾರದ ಹಾಗೆ ಹಪ್ಪಳ ನೋಡಿಕೊ. ನಾವು ತಾಯಿಮನೆಗೆ ಹೋಗಿ ಬರ್ತೇವೆ.” ಎದುರಿನ ಎಡಬದಿಯ ಬಾಗಿಲು ತೆಗೆದು ಕೂತೇ ಬಿಟ್ಟರು.

ಮೋನಪ್ಪಣ್ಣನಿಗೆ ಅಂಗಿ ಬದಲಿಸುವಷ್ಟೂ ಪುರುಸೊತ್ತು ಕೊಡಲಿಲ್ಲ. ಕೈಗೆ ಮೆತ್ತಿದ ಗ್ರೀಸನ್ನು ಲುಂಗಿಗೆ ಒರಸಿಕೊಂಡು ಅವರು ಸ್ಟೇರಿಂಗ್ ಹಿಡಿದರು. ಕಾರು ಚಾಪೆಯನ್ನು ಬಳಸಿ ಗೇಟು ದಾಟಿತು. ಇಂಡಿಕೇಟರ್ ಹಾಕಿದ್ದು ಬಲಕ್ಕೆ, ತಿರುಗಿದ್ದು ಎಡಕ್ಕೆ. ಅವತ್ತು ಅದನ್ನು ಎತ್ತಿ ಹೇಳುವ ಮನಸ್ಸು ನನಗಾಗಲಿಲ್ಲ.

ಆಮೇಲೆ ಆ ಕಾರು ಮನೆಯಲ್ಲಿ ನಿಂತದ್ದೇ ಕಡಿಮೆ. ಮಡಂತ್ಯಾರು, ಧರ್ಮಸ್ಥಳ, ಮೂಡುಬಿದಿರೆಯಲ್ಲಿ ಸಂಜೀವಣ್ಣನ ಮನೆ, ಕಲ್ಲಡ್ಕದಲ್ಲಿ ಸುಮ್ಮನೆ ಒಂದು ಚಾ. ಗಿರಿಜಕ್ಕನಿಗೆ ತಿರುಗಾಟದ ರುಚಿ ಹತ್ತಿಬಿಟ್ಟಿತು. ಬ್ರೇಕ್ ಬಿಚ್ಚುವುದು ಮೊದಲಿಗಿಂತ ಕಡಿಮೆಯಾಯಿತು, ಬೇಕಾದಾಗ ಮಾತ್ರ. ಬಿಚ್ಚುವ ದಿನ ಗಿರಿಜಕ್ಕ ಜಗಲಿಯಿಂದ ಕೇಳುತ್ತಿದ್ದರು: “ಮಧ್ಯಾಹ್ನದ ಒಳಗೆ ಆಗ್ತದಾ? ನನಗೆ ಬಂಟ್ವಾಳಕ್ಕೆ ಹೋಗ್ಲಿಕ್ಕುಂಟು.” ಮೋನಪ್ಪಣ್ಣ ನನ್ನ ಕಡೆ ತಿರುಗಿ, “ಇವಳಿಗಿಂತ ಬಸ್ಸಿನ ಓನರೇ ಒಳ್ಳೆಯವ ಇದ್ದ” ಎಂದು ಗೊಣಗುತ್ತಿದ್ದರು. ಗೊಣಗುವಾಗ ಅವರ ಮುಖ ನೋಡಬೇಕಿತ್ತು ನೀವು.

ಅವರನ್ನು ಕೊನೆಯದಾಗಿ ಮಾತಾಡಿಸಿದ್ದು ಅದೇ ಕಾರಿನಲ್ಲಿ. ಒಂದು ದಿನ ಬೆಳಿಗ್ಗೆ ಗಿರಿಜಕ್ಕ ಗೋಡೆಯಾಚೆಯಿಂದ ಕರೆದರು. ಮೋನಪ್ಪಣ್ಣನಿಗೆ ಎದೆ ಹಿಡಿದ ಹಾಗಾಗಿ ಉಸಿರು ಸಾಲುತ್ತಿರಲಿಲ್ಲ. ಆಂಬುಲೆನ್ಸ್ ಬರಲು ತಡವಾಗುತ್ತದೆ ಅಂದರು, ನಾನು ಅವರ ಕಾರನ್ನೇ ತೆಗೆದೆ. ಹಿಂದಿನ ಸೀಟಿನಲ್ಲಿ ಇಬ್ಬರೂ ಕೂತರು. ಗಿರಿಜಕ್ಕ ಅವರನ್ನು ತೋಳಿನಿಂದ ಬಳಸಿ ಹಿಡಿದುಕೊಂಡಿದ್ದರು. ಬಂಟ್ವಾಳದ ಕಡೆಗೆ ಇಳಿಜಾರು ಬಂದಾಗ ನಾನು ಬ್ರೇಕ್ ಒತ್ತಿದೆ. ಒತ್ತಿದ್ದೇ ಗೊತ್ತಾಗದಷ್ಟು ಮೆತ್ತಗೆ ಕಾರು ನಿಧಾನವಾಯಿತು. ಮೋನಪ್ಪಣ್ಣ ಕಣ್ಣು ಮುಚ್ಚಿಕೊಂಡೇ, “ಎಡದ್ದು ಸರಿ ಹಿಡೀತದೆ” ಅಂದರು.

“ಮಾತಾಡ್ಬೇಡಿ” ಅಂದರು ಗಿರಿಜಕ್ಕ. ಸ್ವಲ್ಪ ದೂರ ಹೋದ ಮೇಲೆ, ಅವರ ಕಿವಿಯ ಹತ್ತಿರ ಬಾಗಿ ತಾವೇ ಮಾತಾಡಿದರು. “ಹಾರ್ಬೇಡಿ ಆಯ್ತಾ.”

ಕನ್ನಡಿಯಲ್ಲಿ ನನಗೆ ಕಂಡಿತು. ನಾನು ಸಂಜೀವಣ್ಣನ ಹಾಗೆ ಎದುರು ಮಾತ್ರ ನೋಡುವ ಡ್ರೈವರ್ ಅಲ್ಲ. ಮೋನಪ್ಪಣ್ಣ ನಕ್ಕರು.

“ಇಲ್ಲ ಮಾರಾಯ್ತಿ. ಈ ಸಲ ನೆನಪುಂಟು.”

ಆಸ್ಪತ್ರೆಗೆ ತಲುಪಿಸಿದೆವು. ಅವರು ಮನೆಗೆ ಬರಲಿಲ್ಲ.

ಅವರ ಕಾರನ್ನು ಕೊಡುತ್ತೀರಾ ಎಂದು ಯಾರ್ಯಾರೋ ಗಿರಿಜಕ್ಕನನ್ನು ಕೇಳಿ ಹೋದರು. “ಅದು ನಾನು ತಿರುಗಾಡುವ ಗಾಡಿ, ಕೊಡ್ಲಿಕ್ಕಿಲ್ಲ” ಎಂದು ಕಳಿಸಿದರು. ಈಗ ಬ್ರೇಕ್ ನೋಡಿಕೊಳ್ಳುವವಳು ನಾನು. ಪೆಡಲ್ ಒತ್ತಲು ಕೂರುವವರು ಗಿರಿಜಕ್ಕ. ನಾನು ಬಾಯಲ್ಲೇ ಹೇಳುತ್ತೇನೆ, ಒತ್ತಿ, ಬಿಡಿ. ಮೊನ್ನೆ ಮಡಂತ್ಯಾರಿಗೆ ಹೋಗುವಾಗ ಅದೇ ಹಳೆಯ ಇಳಿಜಾರಿನಲ್ಲಿ ಕಾರು ನಿಲ್ಲಿಸಲು ಹೇಳಿದರು. ಕಿಟಕಿ ಇಳಿಸಿ, ಗಂಡ ಬಿದ್ದದ್ದು ಎಲ್ಲಿರಬಹುದು ಎಂದು ನೋಡಿದರು. ರಸ್ತೆ ಅಗಲವಾಗಿದೆ, ದರೆಯೂ ಇಲ್ಲ, ಏನೂ ಗುರುತು ಸಿಗಲಿಲ್ಲ. “ತುಂಬಾ ಪೆಟ್ಟಾಗಿರ್ಬೇಕು ಪಾಪ, ನಾನು ಕೇಳ್ಲೇ ಇಲ್ಲ” ಅಂದರು. ಮತ್ತೆ ಕಿಟಕಿ ಏರಿಸಿ, “ಹೋಗುವ” ಅಂದರು.

ನಿಮ್ಮ ಮನೆಯಲ್ಲೂ ಹೀಗೆ ಇರಬೇಕು. ಕೇಳಿದ್ದು ಒಂದಾದರೆ ರಿಪೇರಿ ಮಾಡಿದ್ದು ಇನ್ನೊಂದು, ಅದೂ ವರ್ಷಗಟ್ಟಲೆ, ಅಷ್ಟು ಶ್ರದ್ಧೆಯಿಂದ. ಅಪ್ಪನೋ, ಮಾವನೋ, ಪಕ್ಕದ ಮನೆಯವರೋ, ಯಾರೇ ಇರಲಿ, ಅವರ ಕಥೆಯನ್ನು ಕೆಳಗೆ ಬರೆಯಿರಿ. ಉದ್ದ ಆದರೂ ಅಡ್ಡಿಯಿಲ್ಲ. ನಾನು ಓದುತ್ತೇನೆ, ಗಿರಿಜಕ್ಕನಿಗೂ ಓದಿ ಹೇಳುತ್ತೇನೆ.